ಉದ್ಯೋಗದಿಂದ ಬರುವ ಗಾಯ ಮತ್ತು ಕಾಯಿಲೆ: ಸರ್ಕಾರಿ ನೌಕರರ ಮನೆಯವರು ತಿಳಿದಿರಬೇಕಾದುದು

ಸರ್ಕಾರಿ ನೌಕರಿ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಅನೇಕರಿಗೆ ನೆನಪಾಗುವುದು ಮೇಜು, ಕುರ್ಚಿ ಮತ್ತು ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳ. ಆದರೆ ವಿದ್ಯುತ್ ಕಂಬವನ್ನೇರುವ ಲೈನ್‌ಮನ್, ಚರಂಡಿಯನ್ನು ಶುಚಿಗೊಳಿಸುವ ಪೌರಕಾರ್ಮಿಕ, ನೀರು ಬಿಡುವ ನೀರುಗಂಟಿ, ಬಸ್ಸಿನ ಚಾಲಕ ಮತ್ತು ನಿರ್ವಾಹಕ, ಕಾಡು ಕಾಯುವ ಅರಣ್ಯ ರಕ್ಷಕ, ಮನೆಮನೆಗೆ ಬರುವ ಆರೋಗ್ಯ ಸಹಾಯಕಿ, ಶಾಲೆಯ ಉಪಾಧ್ಯಾಯರು, ಪೊಲೀಸ್ ಪೇದೆ, ಇವರೆಲ್ಲರೂ ಸರ್ಕಾರದ ಅಥವಾ ಸರ್ಕಾರದ ಒಡೆತನದ ಸಂಸ್ಥೆಗಳ ಕೆಲಸದವರೇ. ಇವರಲ್ಲಿ ಖಾಯಂ ನೌಕರರಿದ್ದಾರೆ. ದಿನಗೂಲಿಯವರೂ ಹೊರಗುತ್ತಿಗೆಯವರೂ ಇದ್ದಾರೆ. ಪ್ರತಿಯೊಂದು ಕೆಲಸಕ್ಕೂ ಅದರದೇ ಆದ ಅಪಾಯವುಂಟು. ಆ ಅಪಾಯ ಯಾವುದು, ಅದರ ಮೊದಲ ಗುರುತು ಏನು, ಗುರುತು ಕಂಡಾಗ ಮಾಡಬೇಕಾದುದೇನು ಎಂಬುದನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಇಟಲಿ ದೇಶದ ರಾಮಜಿನಿ ಎಂಬ ವೈದ್ಯನು 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಯನ್ನು ನೋಡುವಾಗ ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಉದ್ಯೋಗವೇನು?" ಎಂಬ ಪ್ರಶ್ನೆಯನ್ನೂ ಕೇಳಬೇಕೆಂದು ಆತನು ವೈದ್ಯರಿಗೆ ತಿಳಿಸಿದನು. ಇಂದಿಗೂ ಈ ಮಾತು ಸತ್ಯ. ನೀವು ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸ ಯಾವುದೆಂಬುದನ್ನು ನೀವಾಗಿಯೇ ಹೇಳಬೇಕು. ಜ್ವರದ ರೋಗಿಯು ಪೌರಕಾರ್ಮಿಕನೆಂದು ತಿಳಿದರೆ ವೈದ್ಯರ ಯೋಚನೆ ಒಂದು ದಿಕ್ಕಿಗೆ ಹೋಗುತ್ತದೆ. ಅರಣ್ಯ ಕಾವಲುಗಾರನೆಂದು ತಿಳಿದರೆ ಮತ್ತೊಂದು ದಿಕ್ಕಿಗೆ ಹೋಗುತ್ತದೆ.

ಗಾಯಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ

ಗಾಯವು ಒಂದು ಕ್ಷಣದಲ್ಲಿ ಆಗುತ್ತದೆ. ಅದಕ್ಕೆ ದಿನ, ಹೊತ್ತು, ಸಾಕ್ಷಿ ಎಲ್ಲವೂ ಇರುತ್ತವೆ. ಉದ್ಯೋಗದಿಂದ ಬರುವ ಕಾಯಿಲೆಯಾದರೋ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೆಲಸದ ಸ್ಥಳದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಮೊದಲ ಗುರುತು ಕಾಣುವುದು ಬಹುಮಟ್ಟಿಗೆ ಮನೆಯಲ್ಲಿ. ಗಂಡ ರಾತ್ರಿ ಉಸಿರು ಕಟ್ಟುವಂತೆ ಗೊರಕೆ ಹೊಡೆಯುವುದನ್ನು ಹೆಂಡತಿ ಕೇಳುತ್ತಾಳೆ. ಹೆಂಡತಿ ನಡುರಾತ್ರಿ ಎದ್ದು ಮರಗಟ್ಟಿದ ಕೈಯನ್ನು ಒದರಿಕೊಳ್ಳುವುದನ್ನು ಗಂಡ ನೋಡುತ್ತಾನೆ. ಆದುದರಿಂದ ಉದ್ಯೋಗದ ಕಾಯಿಲೆಯನ್ನು ಮೊದಲು ಪತ್ತೆಹಚ್ಚುವವರು ವೈದ್ಯರಲ್ಲ, ಮನೆಯವರು. ಈ ಪಾಠದ ಮುಖ್ಯ ಅಂಶ ಇದೇ.

ವಿದ್ಯುತ್ ಮಾರ್ಗದ ಕೆಲಸಗಾರರು

ಲೈನ್‌ಮನ್‌ಗಳಿಗೆ ಮೂರು ಅಪಾಯಗಳುಂಟು: ವಿದ್ಯುದಾಘಾತ, ಸುಟ್ಟಗಾಯ ಮತ್ತು ಕಂಬದಿಂದ ಬೀಳುವುದು. ಮಾರ್ಗದಲ್ಲಿ ವಿದ್ಯುತ್ತನ್ನು ನಿಲ್ಲಿಸಿ ಲೈನ್ ಕ್ಲಿಯರ್ ಪಡೆಯುವುದು, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸುವುದು, ಕೆಲಸ ಮಾಡುವ ಜಾಗದ ಎರಡೂ ಬದಿಗಳಲ್ಲಿ ತಂತಿಯನ್ನು ಭೂಸಂಪರ್ಕಗೊಳಿಸುವುದು, ರಬ್ಬರ್ ಕೈಗವಸು, ಶಿರಸ್ತ್ರಾಣ ಮತ್ತು ಸೊಂಟದ ಬೆಲ್ಟನ್ನು ಧರಿಸುವುದು, ಇವುಗಳಲ್ಲಿ ಒಂದನ್ನೂ ಬಿಡಬಾರದು. "ಐದು ನಿಮಿಷದ ಕೆಲಸ" ಎಂದು ಬಿಟ್ಟುಬಿಡುವಾಗಲೇ ಅನಾಹುತವಾಗುವುದು.

ಈ ವಿಷಯದಲ್ಲಿ ಊರಿನವರ ಹೊಣೆಯೂ ಇದೆ. ಕರೆಂಟ್ ಹೋದಾಗ ಮನೆಯಲ್ಲೋ ಮಿಲ್ಲಿನಲ್ಲೋ ಜನರೇಟರನ್ನು ಸರಿಯಾದ ಬದಲಿ ಸ್ವಿಚ್ಚಿಲ್ಲದೆ ಓಡಿಸಿದರೆ ಅದರ ವಿದ್ಯುತ್ತು ಹಿಮ್ಮುಖವಾಗಿ ಹೊರಗಿನ ತಂತಿಗೆ ಹರಿಯಬಹುದು. ಮಾರ್ಗ ಸತ್ತಿದೆಯೆಂದು ನಂಬಿ ಕಂಬವೇರಿದವನು ಅದಕ್ಕೆ ಬಲಿಯಾಗುತ್ತಾನೆ. ತಂತಿಗೆ ಕೊಕ್ಕೆ ಹಾಕಿ ವಿದ್ಯುತ್ ಪಡೆಯುವುದೂ ಇಂಥದೇ ಅಪಾಯವನ್ನು ತರುತ್ತದೆ.

ವಿದ್ಯುದಾಘಾತವಾದಾಗ ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಗಾಯಾಳುವನ್ನು ಮುಟ್ಟಬಾರದು. ಮನೆಯ ತಂತಿಯಾದರೆ ಒಣಗಿದ ಮರದ ಕೋಲಿನಿಂದ ಅದನ್ನು ದೂರ ಸರಿಸಬಹುದು. 11,000 ವೋಲ್ಟಿನ ಮಾರ್ಗವಾದರೆ ಕೋಲೂ ರಕ್ಷಣೆ ಕೊಡದು. ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೂ ಆಂಬುಲೆನ್ಸ್‌ಗಾಗಿ 108ಕ್ಕೂ ಕರೆ ಮಾಡಬೇಕು. ವಿದ್ಯುತ್ ನಿಂತ ಮೇಲೆ ಗಾಯಾಳು ಪ್ರತಿಕ್ರಿಯೆ ತೋರದೆ ಉಸಿರಾಡದಿದ್ದರೆ, ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಿರಬೇಕು. ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬಾರದು.

ಶಾಕ್ ಹೊಡೆದವನು ಎದ್ದು ನಡೆದಾಡಿದನೆಂದ ಮಾತ್ರಕ್ಕೆ ಗಂಡಾಂತರ ಕಳೆಯಿತೆಂದು ತಿಳಿಯಬಾರದು. ವಿದ್ಯುತ್ತು ದೇಹವನ್ನು ಹೊಕ್ಕ ಮತ್ತು ಹೊರಬಿದ್ದ ಜಾಗಗಳಲ್ಲಿ ಕಾಣುವ ಗಾಯ ಸಣ್ಣದಾಗಿದ್ದು, ನಡುವಿನ ಸ್ನಾಯುಗಳು ಒಳಗೇ ಬೆಂದಿರಬಹುದು. ಮೂತ್ರವು ಕಾಫಿ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಗಳು ಅಪಾಯದಲ್ಲಿವೆಯೆಂದು ತಿಳಿಯಬೇಕು. ಹೃದಯದ ಬಡಿತವೂ ಏರುಪೇರಾಗಬಹುದು. ಆದ್ದರಿಂದ ಕೆಲಸದಲ್ಲಿ ಶಾಕ್ ತಗುಲಿದವನನ್ನು ಅದೇ ದಿನ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೌರಕಾರ್ಮಿಕರು ಮತ್ತು ಚರಂಡಿ ಕೆಲಸದವರು

ಕಸದಲ್ಲಿರುವ ಗಾಜು, ಬ್ಲೇಡು, ಸೂಜಿಗಳಿಂದಾಗುವ ಗಾಯಗಳಿಗೆ ಧನುರ್ವಾಯುವಿನ ಭಯವಿದೆ. ಲಸಿಕೆಯನ್ನು ಪೂರ್ಣವಾಗಿ ಹಾಕಿಸಿಕೊಂಡವರೂ 10 ವರ್ಷಗಳಿಗೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕು. ಇಲಿಗಳ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಿಂದ ನಿಂತು ಕೆಲಸ ಮಾಡುವವರಿಗೆ ಕಾಲಿನ ಬಿರುಕುಗಳ ಮೂಲಕ ಇಲಿ ಜ್ವರ ತಗಲುತ್ತದೆ. ತೀವ್ರ ಜ್ವರ, ಮುಟ್ಟಿದರೆ ನೋಯುವ ಮೀನಖಂಡ, ಕೆಂಪಾದ ಕಣ್ಣು, ಇವು ಇದರ ಗುರುತುಗಳು. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದರೆ ರೋಗ ಉಲ್ಬಣಿಸಿದೆ ಎಂದರ್ಥ. ಬೇಗ ಬಂದವರಿಗೆ ಸಾಮಾನ್ಯ ಪ್ರತಿಜೀವಕ ಔಷಧಗಳಿಂದಲೇ ಗುಣವಾಗುತ್ತದೆ.

ಎಲ್ಲಕ್ಕಿಂತ ಘೋರವಾದುದು ಒಳಚರಂಡಿ ಮತ್ತು ಶೌಚಗುಂಡಿಯ ವಿಷಾನಿಲ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲವು ಹೆಚ್ಚಿದಾಗ ಮೂಗು ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಇಳಿದಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಮೃತರಾಗುವುದು ಹೀಗೆ. ಗುಂಡಿಯಲ್ಲಿ ಯಾರಾದರೂ ಬಿದ್ದರೆ ಇಳಿಯದೆ, ಉಸಿರಾಟದ ಉಪಕರಣವುಳ್ಳ ಅಗ್ನಿಶಾಮಕ ದಳದವರನ್ನು ಕರೆಯಿಸಬೇಕು.

ಮಲಹೊರುವ ಪದ್ಧತಿಯನ್ನೂ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರಂದು ಆದೇಶಿಸಿದೆ. ಆದರೆ ಯಾವ ಹಣವೂ ಮನೆಯ ಯಜಮಾನನನ್ನು ಮರಳಿ ತರದು. "ಇಳಿ" ಎಂದು ಯಾರೇ ಹೇಳಿದರೂ "ಇಳಿಯುವುದಿಲ್ಲ" ಎನ್ನುವ ಹಕ್ಕು ಕೆಲಸಗಾರನಿಗಿದೆ. ಆ ಮಾತಿಗೆ ಮನೆಯವರ ಬೆಂಬಲವೂ ಬೇಕು.

ನೀರುಗಂಟಿಗಳು

ಪಾಳು ಬಾವಿ ಮತ್ತು ಮುಚ್ಚಿದ ತೊಟ್ಟಿಗಳಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕ ಇಲ್ಲದಿರಬಹುದು. ದೀಪವನ್ನಿಳಿಸಿ ನೋಡುವ ಹಳೆಯ ವಿಧಾನವನ್ನು ನಂಬಬಾರದು. ದೀಪ ಆರದಿದ್ದರೂ ವಿಷಾನಿಲವಿರಬಹುದು, ಕೆಲವು ಅನಿಲಗಳು ಹೊತ್ತಿಕೊಳ್ಳಲೂಬಹುದು. ಬ್ಲೀಚಿಂಗ್ ಪುಡಿಯನ್ನು ಕಲೆಸುವಾಗ ಮೂಗು, ಬಾಯಿ, ಕಣ್ಣುಗಳಿಗೆ ರಕ್ಷಣೆ ಬೇಕು. ಅದನ್ನು ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು; ಬೆರೆಸಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಹೊರಡುತ್ತದೆ. ಒದ್ದೆ ಕೈಯಿಂದ ಪಂಪಿನ ಸ್ವಿಚ್ಚನ್ನು ಮುಟ್ಟಬಾರದು.

ಬಸ್ಸಿನ ಚಾಲಕರು ಮತ್ತು ನಿರ್ವಾಹಕರು

ಚಾಲಕನ ದೇಹಕ್ಕೆ ದಿನವಿಡೀ ಇಂಜಿನ್ನಿನ ಕಂಪನ ತಗಲುತ್ತಿರುತ್ತದೆ. ಇದರಿಂದ ಸೊಂಟನೋವು ಸಾಮಾನ್ಯ. ನೋವು ಕಾಲಿಗಿಳಿದು ಪಾದ ಮರಗಟ್ಟಿದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹೊತ್ತು ತಪ್ಪಿದ ಊಟ, ಕುಳಿತೇ ಇರುವುದು ಮತ್ತು ನಿದ್ರೆಗೇಡುಗಳು ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ದಾರಿ ಮಾಡುತ್ತವೆ. ರಕ್ತದೊತ್ತಡವು ಮತ್ತೆ ಮತ್ತೆ ಪರೀಕ್ಷಿಸಿದಾಗಲೂ 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ಚಿಕಿತ್ಸೆಯ ವಿಷಯವಾಗಿ ವೈದ್ಯರ ಸಲಹೆ ಪಡೆಯಬೇಕು.

ಚಾಲಕನ ಮಡದಿಯು ಒಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಗಂಡನು ಜೋರಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತಂತಾಗಿ, ಮತ್ತೆ ಬೆಚ್ಚಿ ಉಸಿರೆಳೆಯುತ್ತಿದ್ದರೆ ಅದು ಗಾಢ ನಿದ್ರೆಯ ಲಕ್ಷಣವಲ್ಲ, ರೋಗದ ಲಕ್ಷಣ. ಇಂಥವನಿಗೆ ಹಗಲಿನಲ್ಲಿ ಚಕ್ರ ಹಿಡಿದಾಗಲೇ ತೂಕಡಿಕೆ ಬರುತ್ತದೆ. ಈ ಸಂಗತಿಯನ್ನು ಆಕೆ ವೈದ್ಯರಿಗೆ ತಿಳಿಸಿದರೆ ಗಂಡನ ಜೀವದೊಂದಿಗೆ ಬಸ್ಸಿನಲ್ಲಿರುವ ಪ್ರಯಾಣಿಕರ ಜೀವವೂ ಉಳಿಯುತ್ತದೆ.

ನಿಂತೇ ದುಡಿಯುವ ನಿರ್ವಾಹಕರಲ್ಲಿ ಕಾಲಿನ ರಕ್ತನಾಳಗಳು ಉಬ್ಬಿ ಸುರುಳಿಯಾಗುತ್ತವೆ. ಸಂಜೆ ಕಾಲು ಬಾತರೆ ಮಲಗುವಾಗ ಕಾಲಡಿಗೆ ದಿಂಬಿಟ್ಟು ಎತ್ತರಿಸಬೇಕು. ಒಂದೇ ಕಾಲು ದಿಢೀರನೆ ಬಾತು ನೋಯುತ್ತಿದ್ದರೆ ಮಾತ್ರ ಅದನ್ನು ತಿಕ್ಕದೆ ಆಸ್ಪತ್ರೆಗೆ ಹೋಗಬೇಕು, ರಕ್ತ ಹೆಪ್ಪುಗಟ್ಟಿರಬಹುದು.

ಅರಣ್ಯ ಇಲಾಖೆಯವರು

ಮಂಗನ ಕಾಯಿಲೆಯೆಂದು ಹೆಸರಾದ ಜ್ವರವು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉಣುಗುಗಳ ಕಡಿತದಿಂದ ಹರಡುವ ಈ ರೋಗವು ಬಹುಮಟ್ಟಿಗೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಬರುವ ತೀವ್ರ ಜ್ವರ, ತಲೆನೋವು, ಮೈಕೈ ಸೆಳೆತ, ಕೆಲವರಲ್ಲಿ ವಸಡಿನಿಂದ ರಕ್ತಸ್ರಾವ, ಇವು ಇದರ ಲಕ್ಷಣಗಳು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ನೀಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು ಬಹು ಮುಖ್ಯ. ಬೆನ್ನು, ಕಿವಿಯ ಹಿಂಭಾಗ, ಕಂಕುಳು, ತೊಡೆಸಂದುಗಳಲ್ಲಿ ಉಣುಗು ಅಂಟಿದೆಯೇ ಎಂದು ಪತಿಪತ್ನಿಯರು ಒಬ್ಬರಿಗೊಬ್ಬರು ನೋಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಇವು ನಾಲ್ಕು ಮುಖ್ಯ ವಿಷಸರ್ಪಗಳು. ಹಾವು ಕಚ್ಚಿದ ಅಂಗವನ್ನು ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ತಪ್ಪು. ಅಂಗವು ಅಲುಗಾಡದಂತೆ ಪಟ್ಟಿಯ ಆಸರೆ ಕೊಟ್ಟು, ನಡೆಸದೆ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಬಾವಾಗಲಿ ಇರದು. ಬೆಳಗಿನ ಹೊತ್ತಿಗೆ ರೆಪ್ಪೆ ಜೋತುಬೀಳುವುದೇ ಮೊದಲ ಗುರುತಾಗಿರಬಹುದು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಘೋಷಿಸಿದೆ.

ಪಶು ಆಸ್ಪತ್ರೆಯ ಸಿಬ್ಬಂದಿ

ಕಂದು ಹಾಕಿದ ದನದ ಕಸವನ್ನು ಬರಿಗೈಯಿಂದ ತೆಗೆಯುವವರಿಗೆ ಬ್ರುಸೆಲ್ಲಾ ಎಂಬ ಜ್ವರ ತಗಲಬಹುದು. ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದರ ಲಕ್ಷಣಗಳು. ಗಂಡಸರಲ್ಲಿ ವೃಷಣದ ಬಾವು ಬಂದು ಸಂತಾನಶಕ್ತಿಗೆ ಧಕ್ಕೆಯಾಗಬಹುದು. ಗರ್ಭಿಣಿಗೆ ತಗಲಿದರೆ ಗರ್ಭಪಾತವಾಗಬಹುದು. ಮಕ್ಕಳಾಗದ ದಂಪತಿಗಳು ವೈದ್ಯರನ್ನು ಕಂಡಾಗ ಗಂಡನ ಉದ್ಯೋಗವನ್ನೂ ತಿಳಿಸಬೇಕೆಂಬುದು ಇದಕ್ಕಾಗಿಯೇ. ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಸಾಮಾನ್ಯವಾಗಿ 6 ವಾರಗಳ ಚಿಕಿತ್ಸೆ ಬೇಕಾಗುತ್ತದೆ. ಮನೆಯಲ್ಲಿ ಹಾಲನ್ನು ಕಾಯಿಸದೆ ಕುಡಿಯಬಾರದು.

ದಾದಿಯರು ಮತ್ತು ಆಸ್ಪತ್ರೆಯ ಸಿಬ್ಬಂದಿ

ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚುವುದೇ ಇವರಿಗಿರುವ ದೊಡ್ಡ ಅಪಾಯ. ಅಂಥ ರೋಗಿಗೆ ಹೆಪಟೈಟಿಸ್ 'ಬಿ' ಇದ್ದು, ಚುಚ್ಚಿಸಿಕೊಂಡವರು ಲಸಿಕೆ ಪಡೆಯದಿದ್ದರೆ ಸೋಂಕು ತಗಲುವ ಸಂಭವ 100ಕ್ಕೆ 30ರವರೆಗೂ ಇದೆ, ಎಚ್.ಐ.ವಿ. ಇದ್ದರೆ ಅದು 1,000ಕ್ಕೆ ಸುಮಾರು 3 ಮಾತ್ರ. ಜನರು ಎರಡನೆಯದಕ್ಕೆ ಹೆಚ್ಚು ಹೆದರಿ ಮೊದಲನೆಯದನ್ನು ಮರೆಯುತ್ತಾರೆ. ಹೆಪಟೈಟಿಸ್ 'ಬಿ' ಲಸಿಕೆಯನ್ನು ಮೊದಲ ದಿನ, 1 ತಿಂಗಳು ಮತ್ತು 6 ತಿಂಗಳಿಗೆ, ಒಟ್ಟು ಮೂರು ಸಲ ಹಾಕಿಸಿಕೊಳ್ಳಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆದು ಕೂಡಲೇ ವೈದ್ಯಾಧಿಕಾರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಪರೀಕ್ಷೆಗಳು ಮುಗಿಯುವವರೆಗೆ ದಂಪತಿಗಳು ನಿರೋಧ್ ಬಳಸತಕ್ಕದ್ದು. ಈ ವಿಷಯವನ್ನು ಸಂಗಾತಿಯಿಂದ ಮುಚ್ಚಿಡುವುದು ಸರಿಯಲ್ಲ. ಕೇಳಿದವರು ಶಂಕಿಸುವುದೂ ಸರಿಯಲ್ಲ. ಅದು ಕರ್ತವ್ಯದಲ್ಲಿ ಆದ ಗಾಯ.

ರಸ್ತೆ ಮತ್ತು ಕಲ್ಲಿನ ಕೆಲಸದವರು

ಕಲ್ಲನ್ನು ಒಡೆಯುವಾಗ, ಕೊರೆಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಶಾಶ್ವತವಾಗಿ ನೆಲೆಸಿ ಸಿಲಿಕೋಸಿಸ್ ಎಂಬ ಕಾಯಿಲೆಯನ್ನು ತರುತ್ತದೆ. 1956ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡು, 2001ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದ ಅನೇಕರು ಈ ಕಾಯಿಲೆಗೆ ತುತ್ತಾದರು. ಇದಕ್ಕೆ ಗುಣಪಡಿಸುವ ಔಷಧವಿಲ್ಲ, ತಡೆಯುವುದೊಂದೇ ದಾರಿ. ಕಲ್ಲಿಗೆ ನೀರು ಹಾಯಿಸಿ ಧೂಳೇಳದಂತೆ ಮಾಡಬೇಕು. ಮುಖಕ್ಕೆ ಸುತ್ತಿದ ಟವೆಲು ಈ ಧೂಳನ್ನು ತಡೆಯುವುದಿಲ್ಲ, ಅದಕ್ಕೆಂದೇ ಇರುವ ಮುಖವಾಡ ಬೇಕು. ಈ ಕಾಯಿಲೆಯವರಿಗೆ ಕ್ಷಯರೋಗ ಬೇಗ ತಗಲುವುದರಿಂದ 2 ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು.

ಉಪಾಧ್ಯಾಯರು, ಪೊಲೀಸರು ಮತ್ತು ಕಚೇರಿಯವರು

ಉಪಾಧ್ಯಾಯರ ದುಡಿಮೆಯ ಸಾಧನ ಧ್ವನಿ. ದಿನವೂ ಕಿರುಚಿ ಪಾಠ ಹೇಳುವವರ ಧ್ವನಿತಂತುಗಳಲ್ಲಿ ಗಂಟುಗಳಾಗುತ್ತವೆ. ಪಿಸುಗುಟ್ಟುವುದರಿಂದ ಗಂಟಲಿಗೆ ವಿಶ್ರಾಂತಿ ಸಿಗುವುದಿಲ್ಲ. ಮೌನವೇ ನಿಜವಾದ ವಿಶ್ರಾಂತಿ. ಗೊಗ್ಗರು ಧ್ವನಿಯು 3 ವಾರ ಮೀರಿದರೆ ಗಂಟಲಿನ ತಜ್ಞರು ಪರೀಕ್ಷಿಸಬೇಕು.

ಪೊಲೀಸರಿಗೆ ಗಾಯಕ್ಕಿಂತ ಹೆಚ್ಚು ಬಾಧೆ ಕೊಡುವುದು ನಿದ್ರೆಗೇಡು ಮತ್ತು ಮನಸ್ಸಿನ ಒತ್ತಡ. ವಿನಾಕಾರಣ ರೇಗುವುದು, ಮಕ್ಕಳೊಡನೆ ಮಾತು ಬಿಡುವುದು, ಕುಡಿತ ಹೆಚ್ಚುವುದು, "ಬದುಕಿ ಏನು ಪ್ರಯೋಜನ" ಎನ್ನುವುದು, ಇವುಗಳನ್ನು ಸ್ವಭಾವವೆಂದು ತಳ್ಳಿಹಾಕಬಾರದು. ಇವು ಕಾಯಿಲೆಯ ಗುರುತುಗಳು, ಇವಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು.

ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕೂರುವವರು 20 ನಿಮಿಷಕ್ಕೊಮ್ಮೆ ದೂರದ ವಸ್ತುವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣಿಗೆ ವಿರಾಮ ಕೊಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಮರಗಟ್ಟಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಗರ್ಭಿಣಿಯರಲ್ಲಿ ಇದು ಹೆಚ್ಚು.

ಮಹಿಳಾ ನೌಕರರು

ನಿರ್ವಾಹಕಿ, ಮಹಿಳಾ ಪೇದೆ, ಆರೋಗ್ಯ ಸಹಾಯಕಿ, ಇವರಲ್ಲಿ ಅನೇಕರು ಶೌಚಾಲಯವಿಲ್ಲದ ಕಾರಣ ದಿನವಿಡೀ ನೀರು ಕುಡಿಯದೆ ಇರುತ್ತಾರೆ. ಇದರಿಂದ ಉರಿಮೂತ್ರ ಮರುಕಳಿಸುತ್ತದೆ. ಮೂತ್ರಪಿಂಡಕ್ಕೂ ಸೋಂಕು ಏರಬಹುದು. ಕೆಲಸದ ಸ್ಥಳದಲ್ಲಿ ಶೌಚಾಲಯ ಕೇಳುವುದು ನಾಚಿಕೆಯ ವಿಷಯವಲ್ಲ, ಆರೋಗ್ಯದ ವಿಷಯ.

ಗರ್ಭಿಣಿಯಾದವರು ಮೇಲಧಿಕಾರಿಗೆ ಬೇಗನೆ ತಿಳಿಸಬೇಕು. ಎಕ್ಸ್-ರೇ ಕೊಠಡಿ, ಕೀಟನಾಶಕ ಸಿಂಪಡಣೆ, ಭಾರ ಎತ್ತುವುದು, ಇವುಗಳಿಂದ ಆಕೆಯನ್ನು ದೂರವಿಡಬೇಕು. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಗೆ ಅವಕಾಶವಿದೆ. ಕೆಲಸದಿಂದ ಬಂದ ಹೆಂಡತಿ ಮತ್ತೆ ಒಲೆಯ ಮುಂದೆ ನಿಲ್ಲುವಳಾದರೆ ಆಕೆಯ ದುಡಿಮೆ ಎರಡು ಪಾಳಿಯದಾಗುತ್ತದೆ. ಆದ್ದರಿಂದ ಮನೆಗೆಲಸದಲ್ಲಿ ಗಂಡ ಪಾಲುಗೊಳ್ಳುವುದನ್ನೂ ಚಿಕಿತ್ಸೆಯ ಒಂದು ಭಾಗವೆಂದೇ ತಿಳಿಯಬೇಕು.

ಕೆಲಸದ ವಿಷವನ್ನು ಮನೆಗೆ ತರಬಾರದು

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಗಾದೆ. ಆದರೆ ಕೆಸರಿನ ಕೈಯನ್ನು ತೊಳೆಯದೆ ಮಗುವನ್ನು ಎತ್ತಿಕೊಂಡರೆ ಆ ಕೆಸರು ಮಗುವಿನ ಬಾಯಿಗೇ ಹೋಗುತ್ತದೆ. ಕೀಟನಾಶಕ ಸಿಂಪಡಿಸುವವರು, ಚರಂಡಿ ಕೆಲಸದವರು, ಆಸ್ಪತ್ರೆಯವರು ಕೆಲಸದ ಬಟ್ಟೆಯನ್ನು ಹೊರಗೇ ಬದಲಿಸಿ, ಸ್ನಾನ ಮಾಡಿ ಒಳಬರಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಗರ್ಭಿಣಿಯು ಅವನ್ನು ಒಗೆಯಲೇಬಾರದು.

ಗಾಯವಾದ ದಿನವೇ ಮಾಡಬೇಕಾದುದು

ಎಷ್ಟೋ ಜನರು, ಅದರಲ್ಲೂ ಹೊರಗುತ್ತಿಗೆಯವರು, ಕೆಲಸ ಹೋದೀತೆಂಬ ಭಯದಿಂದ "ಮನೆಯಲ್ಲಿ ಬಿದ್ದೆ" ಎಂದು ಆಸ್ಪತ್ರೆಯಲ್ಲಿ ಬರೆಸುತ್ತಾರೆ. ಆ ಒಂದು ಸುಳ್ಳಿನಿಂದ ಮುಂದೆ ಕುಟುಂಬಕ್ಕೆ ನ್ಯಾಯವಾಗಿ ಬರಬೇಕಾದ ಪರಿಹಾರವು ಕೈತಪ್ಪಬಹುದು. ಆದುದರಿಂದ,

1. ಮೊದಲು ಚಿಕಿತ್ಸೆ. ಆಸ್ಪತ್ರೆಯಲ್ಲಿ ಗಾಯ ಎಲ್ಲಿ, ಹೇಗೆ, ಯಾವ ಕೆಲಸದಲ್ಲಿ ಆಯಿತೆಂಬುದನ್ನು ಇದ್ದದ್ದು ಇದ್ದಂತೆ ಬರೆಸಿ.
2. ಅದೇ ದಿನ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ. ಗಾಯಾಳುವಿಗೆ ಆಗದಿದ್ದರೆ ಪತಿ ಅಥವಾ ಪತ್ನಿ ಬರೆಯಲಿ. ಪ್ರತಿಯೊಂದಕ್ಕೆ ಸ್ವೀಕೃತಿಯ ಸಹಿ ಪಡೆಯಿರಿ.
3. ನೋಡಿದವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.
4. ಚೀಟಿ, ರಸೀದಿ, ಎಕ್ಸ್-ರೇ, ಗಾಯದ ಪ್ರಮಾಣಪತ್ರ ಎಲ್ಲವನ್ನೂ ಒಂದು ಚೀಲದಲ್ಲಿ ಕಾಪಾಡಿ.
5. ಕೆಲಸದಲ್ಲಿ ಮರಣ ಸಂಭವಿಸಿದರೆ, ದುಃಖ ಎಷ್ಟೇ ಇರಲಿ, ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆಯಾಗದೆ ಅಂತ್ಯಕ್ರಿಯೆ ಮಾಡಬೇಡಿ. ಸಾವಿನ ಕಾರಣಕ್ಕೆ ಆ ವರದಿಯೇ ಆಧಾರ.

ಕೆಲಸದ ನಿಮಿತ್ತ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ಕೆಲಸ ಕೊಟ್ಟವನೇ ಹೊಣೆ ಎಂಬ ತತ್ವವು ನಮ್ಮ ದೇಶದಲ್ಲಿ 1923ರ ಪರಿಹಾರ ಕಾಯಿದೆಯಿಂದ ನೆಲೆಗೊಂಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಸೇರಿದೆ. ಕೆಲವು ಉದ್ಯೋಗಜನ್ಯ ಕಾಯಿಲೆಗಳನ್ನೂ ಗಾಯವೆಂದೇ ಪರಿಗಣಿಸಲಾಗುತ್ತದೆ. ಗುತ್ತಿಗೆದಾರನ ಮೂಲಕ ದುಡಿಯುವವರ ವಿಷಯದಲ್ಲಿ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಗೂ ಹೊಣೆಯುಂಟು. ಖಾಯಂ ನೌಕರರಿಗೆ ಕರ್ನಾಟಕ ಸೇವಾ ನಿಯಮಾವಳಿಯಲ್ಲಿ ಕರ್ತವ್ಯದಲ್ಲಿ ಗಾಯಗೊಂಡಾಗ ವಿಶೇಷ ರಜೆಗೆ ಅವಕಾಶವಿದೆ. ವಿವರಗಳನ್ನು ಕಚೇರಿಯಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ನೆನಪಿಡತಕ್ಕ ಅಂಶಗಳು

ರಕ್ಷಣಾ ಸಾಧನಗಳನ್ನು ಧರಿಸುವುದು ಹೇಡಿತನವಲ್ಲ, ಕೆಲಸ ಬಲ್ಲವನ ಲಕ್ಷಣ. ನೋವು ನಿವಾರಕ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡವೂ ಕೆಡುತ್ತದೆ. 30 ವರ್ಷ ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಬೇಕು. ಬಿಸಿಲಿನಲ್ಲಿ ದುಡಿಯುವವನು ತಲೆಸುತ್ತಿ ಬಿದ್ದು ಅಸಂಬದ್ಧವಾಗಿ ಮಾತನಾಡಿದರೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಸಂಜೆ ದುಡಿದು ಬಂದವರನ್ನು "ಇಂದು ಕೆಲಸದಲ್ಲಿ ಏನಾದರೂ ಪೆಟ್ಟಾಯಿತೇ? ಮೈ ಹೇಗಿದೆ?" ಎಂದು ಕೇಳುವ ಅಭ್ಯಾಸವನ್ನು ಪತಿಪತ್ನಿಯರಿಬ್ಬರೂ ಬೆಳೆಸಿಕೊಳ್ಳತಕ್ಕದ್ದು. ಉತ್ತರವನ್ನು ಕಿವಿಗೊಟ್ಟು ಕೇಳಿ, ಅನುಮಾನವಿದ್ದರೆ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ದುಡಿಯುವವರ ಕೆಲಸದಲ್ಲಿ ಯಾವ ಗಾಯ, ಯಾವ ಕಾಯಿಲೆಯ ಭಯವಿದೆ?
2. ಅದರ ಮೊದಲ ಗುರುತು ಯಾವುದು? ಅದನ್ನು ಮನೆಯಲ್ಲಿ ಯಾರು ಮೊದಲು ಕಾಣಬಲ್ಲರು?
3. ಶಾಕ್ ಹೊಡೆದು ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಏಕೆ ಕರೆದೊಯ್ಯಬೇಕು?
4. ಶೌಚಗುಂಡಿಯಲ್ಲಿ ಬಿದ್ದವನನ್ನು ಎತ್ತಲು ಇನ್ನೊಬ್ಬನು ಏಕೆ ಇಳಿಯಬಾರದು?
5. ಕೆಲಸದಲ್ಲಿ ಗಾಯವಾದರೆ ಅದೇ ದಿನ ಯಾರಿಗೆ, ಹೇಗೆ ತಿಳಿಸಬೇಕು? ಅದಕ್ಕೆ ಬೇಕಾದ ಕಾಗದಗಳು ನಿಮ್ಮ ಮನೆಯಲ್ಲಿ ಎಲ್ಲಿವೆಯೆಂಬುದು ಇಬ್ಬರಿಗೂ ಗೊತ್ತೇ?